ಬೀನ್ಸಿಗೆ ಒಗ್ಗರಣೆ ಯಾವುದರಲ್ಲಿ? ಟೆಕ್ಸಸ್‌ನ ಒಂದು ಮೆಕ್ಸಿಕನ್ ಊಟದ ಪ್ರಕರಣ

ಪ್ರಕರಣ ಸಣ್ಣದು. ಅರಸೀಕೆರೆ ಕಡೆಯ, ಎಪ್ಪತ್ತರ ಹತ್ತಿರದ ಹೆಂಗಸೊಬ್ಬರು ಟೆಕ್ಸಸ್‌ನಲ್ಲಿರುವ ಮಗನ ಮನೆಗೆ ಬಂದಿದ್ದರು. ಹುಟ್ಟಿನಿಂದ ಸಸ್ಯಾಹಾರಿ. ಒಂದು ಶುಕ್ರವಾರ ಸಂಜೆ ಮನೆ ಹತ್ತಿರದ ಮೆಕ್ಸಿಕನ್ ಹೋಟೆಲಿಗೆ ಎಲ್ಲರೂ ಊಟಕ್ಕೆ ಹೋದರು. ಸೊಸೆ ವೇಟರನ್ನು ವಿಚಾರಿಸಿದಳು, ಅವನು ಇದರಲ್ಲಿ ಮಾಂಸ ಇಲ್ಲ ಅಂದ. ಅವರು ತಿಂದರು. ತಿಂದ ಸ್ವಲ್ಪ ಹೊತ್ತಿಗೆ ಗೊತ್ತಾಯಿತು, ಬೀನ್ಸ್ ಹುರಿದದ್ದು ಹಂದಿಕೊಬ್ಬಿನಲ್ಲಿ.

ಇದರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಬರೆದಿಡಬೇಕು ಅನ್ನಿಸಿದ್ದು ಅದಕ್ಕೇ. ಮೋಸ ನಡೆದಿದ್ದರೆ ‘ಆ ಹೋಟೆಲಿಗೆ ಹೋಗಬೇಡಿ’ ಎಂದು ಒಂದು ಸಾಲಿನಲ್ಲಿ ಮುಗಿಯುತ್ತಿತ್ತು. ಆ ಮೇಜಿನಲ್ಲಿ ನಾನೂ ಇದ್ದೆ, ಸೊಸೆಯ ಗೆಳತಿಯಾಗಿ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರುಗಳನ್ನೂ ಹೋಟೆಲಿನ ಗುರುತನ್ನೂ ಬಿಟ್ಟಿದ್ದೇನೆ.

ಜಾಗ ಮತ್ತು ಜನ

ಡಾಲಸ್ ಪಕ್ಕದ ಅರ್ವಿಂಗ್‌ನಲ್ಲಿ ನಮ್ಮವರು ಬಹಳ. ಊರಿಂದ ಅಪ್ಪ ಅಮ್ಮ ಬಂದರೆಂದರೆ ಮೊದಲ ವಾರ ದೇವಸ್ಥಾನ, ಎರಡನೇ ವಾರ ಮೆಕ್ಸಿಕನ್ ಊಟ, ಇದು ಹೆಚ್ಚುಕಡಿಮೆ ಎಲ್ಲ ಮನೆಯ ಕ್ರಮ. ಅದಕ್ಕೆ ಕಾರಣವೂ ಇದೆ. ಅಮೆರಿಕದಲ್ಲಿ ಭಾರತೀಯ ಹೋಟೆಲು ಬಿಟ್ಟರೆ ಹೊರಗೆ ಸಿಗುವ ಊಟದಲ್ಲಿ ಅನ್ನ, ಕಾಳು, ಬಿಸಿ ರೊಟ್ಟಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಜೀರಿಗೆ, ನಿಂಬೆಹಣ್ಣು ಎಲ್ಲ ಒಂದೇ ತಟ್ಟೆಗೆ ಬರುವುದು ಹೆಚ್ಚಾಗಿ ಅಲ್ಲೇ. ಬರ್ಗರ್ ಅಂಗಡಿಯಲ್ಲಿ ಆಲೂಗಡ್ಡೆ ಫ್ರೈಸ್ ತಿಂದು ಬೇಸತ್ತ ಹಿರಿಯರಿಗೆ ಇದು ಊಟ ಅನ್ನಿಸುತ್ತದೆ.

ಹೋಟೆಲು ದೊಡ್ಡದೇನಲ್ಲ. ಒಂದು ಪಕ್ಕದಲ್ಲಿ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿ, ಇನ್ನೊಂದು ಪಕ್ಕದಲ್ಲಿ ತೆರಿಗೆ ಲೆಕ್ಕ ಬರೆದುಕೊಡುವ ಆಫೀಸು. ಒಳಗೆ ಹನ್ನೆರಡೋ ಹದಿನಾಲ್ಕೋ ಮೇಜು. ಕೂತ ತಕ್ಷಣ, ಕೇಳದೆಯೇ, ಬುಟ್ಟಿ ತುಂಬ ಮುಸುಕಿನ ಜೋಳದ ಚಿಪ್ಸು ಮತ್ತು ಎರಡು ಬಟ್ಟಲು ಸಾಲ್ಸಾ (ಟೊಮೆಟೊ ಮೆಣಸಿನಕಾಯಿಯ ಚಟ್ನಿ) ತಂದಿಡುತ್ತಾರೆ. ದುಡ್ಡಿಲ್ಲ, ಮುಗಿದರೆ ಮತ್ತೆ ತುಂಬುತ್ತಾರೆ. ಮೆನುವಿನಲ್ಲಿ ನಂಬರ್ ಹಾಕಿದ ಪ್ಲೇಟುಗಳು: ಎರಡು ಎಂಚಿಲಾದಾ (ಗ್ರೇವಿ ಸುರಿದ ಸುರುಳಿ ರೊಟ್ಟಿ), ಒಂದು ಟಾಕೋ (ಪಲ್ಯವನ್ನೋ ಮಾಂಸವನ್ನೋ ತುಂಬಿ ಮಡಚಿದ ರೊಟ್ಟಿ), ಜೊತೆಗೆ ರೈಸ್ ಮತ್ತು ಬೀನ್ಸ್. ನಂಬರ್ ಯಾವುದೇ ಇರಲಿ, ರೈಸ್ ಮತ್ತು ಬೀನ್ಸ್ ತಪ್ಪುವುದಿಲ್ಲ. ವೇಟರ್ ಬಟ್ಟೆಯಲ್ಲಿ ಹಿಡಿದು ತಂದು ‘ಪ್ಲೇಟ್ ಸುಡುತ್ತೆ, ಮುಟ್ಟಬೇಡಿ’ ಅನ್ನುತ್ತಾನೆ, ಎಲ್ಲರೂ ಮುಟ್ಟುತ್ತಾರೆ.

ಆರು ಜನ ಇದ್ದೆವು. ಅತ್ತೆ, ಮಾವ, ಮಗ, ಸೊಸೆ, ಹೈಸ್ಕೂಲಿಗೆ ಹೋಗುವ ಮೊಮ್ಮಗ, ನಾನು. ಊಟದ ಕಟ್ಟುಪಾಡು ಮಾತ್ರ ಒಬ್ಬೊಬ್ಬರದು ಒಂದೊಂದು. ಅತ್ತೆಯದು ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ತವರು; ಮೊಟ್ಟೆಯೂ ಇಲ್ಲ. ಮಾವನದೂ ಸಸ್ಯಾಹಾರವೇ, ಆದರೆ ಕೇಕಿನಲ್ಲಿ ಮೊಟ್ಟೆ ಇದ್ದರೆ ವಿಚಾರಿಸಲು ಹೋಗುವವರಲ್ಲ. ಸೊಸೆ ಮನೆಯಲ್ಲಿ ಸಸ್ಯಾಹಾರಿ, ಹೊರಗೆ ಮೊಟ್ಟೆ ತಿನ್ನುತ್ತಾಳೆ. ಮಗ ಆಫೀಸಿನಲ್ಲಿ ಚಿಕನ್ ತಿನ್ನುವುದು ಎಲ್ಲರಿಗೂ ಗೊತ್ತು, ಅಮ್ಮನಿಗೂ ಗೊತ್ತು, ಮಾತಾಡುವುದಿಲ್ಲ. ಹುಡುಗ ಅಲ್ಲೇ ಹುಟ್ಟಿದವನು. ಶಾಲೆಯಲ್ಲಿ ಸ್ಪ್ಯಾನಿಷ್ ಓದುತ್ತಿದ್ದ.

ಪ್ರಶ್ನೆ ದಾರಿಯಲ್ಲಿ ಬದಲಾದದ್ದು

ಸೊಸೆ ಅತ್ತೆಗೆ ಚೀಸ್ ಎಂಚಿಲಾದಾ ಪ್ಲೇಟು ಹೇಳುವ ಯೋಚನೆಯಲ್ಲಿದ್ದಳು. ಅತ್ತೆ ಮೆನುವಿನ ಚಿತ್ರ ನೋಡಿ, ಕಂದು ಬಣ್ಣದ ಗಟ್ಟಿ ಪದಾರ್ಥದ ಮೇಲೆ ಬೆರಳಿಟ್ಟು ಕೇಳಿದರು: "ಇದು ಕಾಳಾ? ಇದಕ್ಕೆ ಒಗ್ಗರಣೆ ಯಾತರಲ್ಲಿ ಹಾಕಿರ್ತಾರೆ, ಕೇಳು."

ಸೊಸೆ ವೇಟರಿಗೆ ಕೇಳಿದ್ದು: ಈ ಬೀನ್ಸ್ ವೆಜಿಟೇರಿಯನ್ನಾ?

ವೇಟರ್ ಹೇಳಿದ್ದು: ಹೌದು, ಬರೀ ಬೀನ್ಸ್, ಮಾಂಸ ಇಲ್ಲ.

ಅತ್ತೆಗೆ ಬಂದು ತಲುಪಿದ್ದು: "ವೆಜ್ಜಂತೆ ಅತ್ತೆ, ಪರವಾಗಿಲ್ಲ."

ಇಡೀ ಪ್ರಕರಣ ಇರುವುದು ಈ ಮೂರು ಮಾತಿನಲ್ಲಿ. ಅತ್ತೆ ಕೇಳಿದ್ದು ಒಂದು ವಸ್ತುವಿನ ಬಗ್ಗೆ: ಬಾಣಲೆಗೆ ಏನು ಸುರಿದರು? ಎಣ್ಣೆಯೋ, ತುಪ್ಪವೋ, ಬೇರೆ ಏನಾದರೂ ಇದೆಯೋ? ಅಡುಗೆ ಮಾಡುವವರು ಅಡುಗೆ ಮಾಡುವವರನ್ನು ಕೇಳುವ ಪ್ರಶ್ನೆ ಅದು, ಉತ್ತರಕ್ಕೆ ಬಾಣಲೆ ನೆನಪಾಗಲೇಬೇಕು. ಸೊಸೆಯ ಪ್ರಶ್ನೆ ಮಾತ್ರ ಜಾತಿ ಕೇಳಿದಂತಾಯಿತು, ಈ ತಿಂಡಿ ಯಾವ ಪಂಗಡಕ್ಕೆ ಸೇರಿದ್ದು ಎಂದು. ಅಂಥ ಪ್ರಶ್ನೆಗೆ ಅಡುಗೆಮನೆಗೆ ಹೋಗದೆಯೇ, ಇದ್ದಲ್ಲೇ ನಿಂತು ಉತ್ತರ ಕೊಡಬಹುದು. ಅವನು ಕೊಟ್ಟ.

ಸೊಸೆಯದು ಸೋಮಾರಿತನ ಅಲ್ಲ. ಅವಳ ಧೈರ್ಯಕ್ಕೆ ಆಧಾರವಿತ್ತು. ಅಮೆರಿಕಕ್ಕೆ ಬಂದ ಹೊಸತರಲ್ಲಿ ಅವಳಿಗೆ, ನಮ್ಮಲ್ಲಿ ಮುಕ್ಕಾಲು ಪಾಲು ಜನಕ್ಕೂ, ಮೆಕ್ಸಿಕನ್ ಊಟ ಅಂದರೆ ಟಾಕೋ ಬೆಲ್ ಎಂಬ ಚೈನ್ ಹೋಟೆಲ್. ಅಲ್ಲಿನ ಬೀನ್ಸಿನಲ್ಲಿ ಹಂದಿಕೊಬ್ಬು ಇಲ್ಲ. 2015ರಲ್ಲಿ ಅಮೆರಿಕನ್ ವೆಜಿಟೇರಿಯನ್ ಅಸೋಸಿಯೇಷನ್ನಿನಿಂದ ಆ ಕಂಪನಿ ತನ್ನ ಹಲವು ತಿನಿಸಿಗೆ ಪ್ರಮಾಣಪತ್ರವನ್ನೂ ಪಡೆಯಿತು. ಸಾವಿರಾರು ಅಂಗಡಿಗೆ ಒಂದೇ ಪಾಕ ಕಳಿಸುವ ಸಂಸ್ಥೆಗೆ ಇದು ಸುಲಭ, ವ್ಯಾಪಾರಕ್ಕೂ ಒಳ್ಳೆಯದು. ಆದರೆ ಅದರಿಂದ ನಮ್ಮವರ ತಲೆಯಲ್ಲಿ ‘ಬೀನ್ಸ್ ಸೇಫ್’ ಎಂಬ ನಿಯಮ ಕೂತುಬಿಟ್ಟಿದೆ. ಅಜ್ಜಿಯ ಪಾಕದಲ್ಲಿ ಅಡುಗೆ ಮಾಡುವ ಬಡಾವಣೆಯ ಹೋಟೆಲಿಗೆ ಆ ನಿಯಮ ಅನ್ವಯಿಸುವುದಿಲ್ಲ. ಹೋಟೆಲು ಎಷ್ಟು ಅಸಲಿಯೋ ಬೀನ್ಸಿನಲ್ಲಿ ಕೊಬ್ಬು ಇರುವ ಸಾಧ್ಯತೆ ಅಷ್ಟು ಹೆಚ್ಚು. ‘ಚೈನ್ ಹೋಟೆಲ್ ಬೇಡ, ಒರಿಜಿನಲ್ ಜಾಗಕ್ಕೆ ಕರ್ಕೊಂಡು ಹೋಗೋಣ’ ಅನ್ನುವ ನಮ್ಮ ಉತ್ಸಾಹಕ್ಕೆ ಸಸ್ಯಾಹಾರಿ ಹಿರಿಯರು ತೆರುವ ಬೆಲೆ ಇದು.

ಅತ್ತೆಯ ಮನಸ್ಸಿನಲ್ಲೂ ಒಂದು ನಿಯಮ ಇತ್ತು. ಭಾರತದಲ್ಲಿ ಬಿಸ್ಕತ್ತಿನ ಪೊಟ್ಟಣದ ಮೇಲೂ ಹಸಿರು ಚುಕ್ಕೆ ಹಾಕಬೇಕೆಂಬ ಕಾನೂನು ಇದೆ. ವೆಜ್ ಅಂದರೆ ಅಲ್ಲಿ ಯಾರೋ ಅಧಿಕೃತವಾಗಿ ಹೇಳಿದ ಮಾತು. ಅಮೆರಿಕದ ಆಹಾರ ಕಾನೂನಿನಲ್ಲಿ ವೆಜಿಟೇರಿಯನ್ ಅನ್ನುವುದಕ್ಕೆ ಅಂಥ ವ್ಯಾಖ್ಯೆಯೇ ಇಲ್ಲ. ಅಲ್ಲಿಯವರು ಹೆದರುವುದು ಅಲರ್ಜಿಗೆ. ಕಡಲೆಕಾಯಿ, ಹಾಲು, ಮೊಟ್ಟೆ, ಗೋಧಿ, ಸೋಯಾ, ಮೀನು ಇತ್ಯಾದಿ ಎಂಟು ಪದಾರ್ಥಗಳನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂಬುದು 2004ರ ಕಾನೂನು, ಒಂಬತ್ತನೆಯದಾಗಿ ಎಳ್ಳು 2023ರಿಂದ. ಕಾನೂನು ಇರುವುದು ಪೊಟ್ಟಣದ ಆಹಾರಕ್ಕಾದರೂ ಆ ಎಚ್ಚರ ಹೋಟೆಲಿಗೂ ಇಳಿದಿದೆ. ‘ಕಡಲೆಕಾಯಿ ಆಗುವುದಿಲ್ಲ’ ಎಂದರೆ ವೇಟರ್ ಓಡಿಹೋಗಿ ಕೇಳಿಬರುತ್ತಾನೆ. ಹಂದಿಕೊಬ್ಬು ಆ ಪಟ್ಟಿಯಲ್ಲಿಲ್ಲ.

ಶುಕ್ರವಾರ

ಆ ದಿನ ಮಾರ್ಚ್ ತಿಂಗಳ ಶುಕ್ರವಾರ. ಕ್ರೈಸ್ತರ ತಪಸ್ಸಿನ ಕಾಲ, ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತ. ಕ್ಯಾಥೊಲಿಕರು ಈ ಶುಕ್ರವಾರಗಳಂದು ಮಾಂಸ ಬಿಡುತ್ತಾರೆ. ಬಾಗಿಲ ಹತ್ತಿರ ಸುಣ್ಣದ ಕಡ್ಡಿಯಲ್ಲಿ ಬರೆದ ಹಲಗೆ ಇತ್ತು: ಮೀನಿನ ಟಾಕೋ, ಸೀಗಡಿ ಸಾರು, ಮಸೂರ ಬೇಳೆಯಂಥ ಬೇಳೆಯ ಸೂಪು, ನೋಪಾಲೆಸ್, ಚಿಲೆ ರೆಯೆನೋ, ಕೊನೆಗೆ ಕಾಪಿರೊತಾದಾ ಎಂಬ ಸಿಹಿ.

ಸೊಸೆ ಇದನ್ನು ಗಮನಿಸಿದ್ದಳು. ‘ಇವತ್ತು ಇವರಿಗೂ ವ್ರತ, ಹಾಗಾಗಿ ಸರಿಯಾಗಿ ಹೇಳ್ತಾರೆ’ ಎಂಬ ನಂಬಿಕೆ ಅವಳಿಗೆ ಬಂದದ್ದೇ ಹಾಗೆ. ಅದೇ ಉಲ್ಟಾ ಹೊಡೆಯಿತು. ಕ್ಯಾಥೊಲಿಕ್ ವ್ರತದ ಮಾಂಸವೂ ನಮ್ಮ ಮಾಂಸವೂ ಒಂದಲ್ಲ. 1966ರಲ್ಲಿ ಆರನೇ ಪೌಲ್ ಪೋಪರು ಹೊರಡಿಸಿದ ನಿಯಮದ ಪ್ರಕಾರ ವ್ರತದ ದಿನ ಮಾಂಸ ನಿಷಿದ್ಧ. ಮೊಟ್ಟೆ, ಹಾಲಿನ ಪದಾರ್ಥ ಮತ್ತು ರುಚಿಗೆ ಬಳಸುವ ಪ್ರಾಣಿಕೊಬ್ಬು ನಿಷಿದ್ಧವಲ್ಲ. ಮೀನಂತೂ ಮೊದಲಿಂದಲೂ ಲೆಕ್ಕಕ್ಕಿಲ್ಲ. ಅಂದರೆ ಕೊಬ್ಬಿನಲ್ಲಿ ಹುರಿದ ಬೀನ್ಸನ್ನು ಆ ಶುಕ್ರವಾರ ಆ ವೇಟರಿನ ಸ್ವಂತ ತಾಯಿಯೂ ಯಾವ ಪಾಪಭೀತಿಯೂ ಇಲ್ಲದೆ ತಿನ್ನಬಹುದು. ಅವನು ತನ್ನ ಮನೆಯ ವ್ರತಕ್ಕೆ ಸರಿಹೋಗುವ ಉತ್ತರ ಕೊಟ್ಟ. ಶಿವರಾತ್ರಿ ಉಪವಾಸಕ್ಕೆ ಅನ್ನ ಕೂಡದು, ಉಪ್ಪಿಟ್ಟು ಆಗುತ್ತೆ ಅನ್ನುವ ನಾವು ಇದನ್ನು ವಿಚಿತ್ರ ಅನ್ನುವ ಹಾಗಿಲ್ಲ.

ಇನ್ನೊಂದು ಕಾರಣವನ್ನೂ ಬಿಡಬಾರದು, ಅದು ದುಡ್ಡಿನದು. ವೇಟರ್ ಆ ಹೊತ್ತಿಗೆ ಐದಾರು ಮೇಜು ನೋಡಿಕೊಳ್ಳುತ್ತಿದ್ದ. ಟಿಪ್ಸ್ ಬರುವ ಕೆಲಸಗಾರರಿಗೆ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಟೆಕ್ಸಸ್‌ನಲ್ಲಿ ಗಂಟೆಗೆ 2.13 ಡಾಲರ್, 1991ರಿಂದ ಅಷ್ಟೇ ಇದೆ. ಟಿಪ್ಸ್ ಸೇರಿಯೂ 7.25 ಆಗದಿದ್ದರೆ ಮಾಲೀಕ ತುಂಬಿಕೊಡಬೇಕು. ಮಿಕ್ಕ ಸಂಪಾದನೆಯೆಲ್ಲ ಮೇಜುಗಳಿಂದ. ಶುಕ್ರವಾರ ಸಂಜೆ, ಬಾಗಿಲಲ್ಲಿ ಜನ ಕಾಯುತ್ತಿರುವಾಗ, ‘ತಾಳಿ, ಅಡುಗೆಮನೆಯಲ್ಲಿ ಕೇಳಿಬರ್ತೀನಿ’ ಅನ್ನಲು ಅವನಿಗೆ ಯಾವ ಒತ್ತಡವೂ ಇರಲಿಲ್ಲ. ಪ್ರಶ್ನೆ ಆ ಒತ್ತಡ ತರಬೇಕಿತ್ತು.

ಹುಡುಗ ಕೇಳಿದ್ದು

ಪ್ಲೇಟು ಬಂತು. ಅತ್ತೆ ಚಿಪ್ಸಿನ ತುದಿಯಲ್ಲಿ ಬೀನ್ಸ್ ತೆಗೆದು ಬಾಯಿಗಿಟ್ಟರು. ಚೆನ್ನಾಗಿದೆ ಅಂದರು. ಇನ್ನೊಂದು ಸಲ ತೆಗೆದುಕೊಂಡರು. ಮೂರನೇ ಸಲಕ್ಕೆ ಕೈ ನಿಂತಿತು. ಚಿಪ್ಸನ್ನು ಮೂಗಿನ ಹತ್ತಿರ ಹಿಡಿದು, "ತುಪ್ಪ ಅಲ್ಲ ಇದು. ಎಣ್ಣೆಯೂ ಅಲ್ಲ. ಅಂಗುಳಕ್ಕೆ ಅಂಟುತ್ತೆ," ಅಂದರು.

ಮಗ "ಚೀಸ್ ಇರಬೇಕಮ್ಮ" ಅಂದ. ಇರಬಹುದಿತ್ತು, ಬೀನ್ಸಿನ ಮೇಲೆ ಹಳದಿ ಚೀಸ್ ಕರಗಿತ್ತು. ಆದರೆ ಅರವತ್ತು ವರ್ಷ ಒಗ್ಗರಣೆ ಹಾಕಿದ ಮೂಗು.

ಆಗ ಮೊಮ್ಮಗ ತಾನೇ ತಿರುಗಿ ವೇಟರನ್ನು ಸ್ಪ್ಯಾನಿಷ್‌ನಲ್ಲಿ ಕೇಳಿದ: ಬೀನ್ಸನ್ನು ಯಾವುದರಲ್ಲಿ ಹುರಿಯುತ್ತೀರಿ, ಎಣ್ಣೆಯೋ ಹಂದಿಕೊಬ್ಬೋ? ವೇಟರಿನ ಮುಖ ಅರಳಿತು. ಕೊಬ್ಬಿನಲ್ಲೇ, ಮತ್ತೆ ಇನ್ನೇನರಲ್ಲಿ, ನಮ್ಮ ಅಮ್ಮ ಮಾಡೋದು, ಎಣ್ಣೆಯಲ್ಲಿ ಮಾಡಿದರೆ ರುಚಿಯೇ ಬರಲ್ಲ ಎಂದು ಹೆಮ್ಮೆಯಿಂದ ಹೇಳಿದ. ಐದು ನಿಮಿಷದ ಹಿಂದೆ ಮಾಂಸ ಇಲ್ಲ ಅಂದವನೇ ಅವನು. ಎರಡೂ ಉತ್ತರ ಒಂದೇ ಪ್ರಾಮಾಣಿಕತೆಯಿಂದ ಬಂದವು.

ಹುಡುಗನ ಮುಖ ನೋಡಿಯೇ ಅಜ್ಜಿಗೆ ಅರ್ಥವಾಯಿತು. ಚಿಪ್ಸನ್ನು ಪ್ಲೇಟಿನ ಅಂಚಿಗೆ ಇಟ್ಟರು. ಸೊಸೆಯ ಕಣ್ಣಲ್ಲಿ ನೀರು ಬಂತು. ಅತ್ತೆ ಅವಳನ್ನು ಬಯ್ಯಲಿಲ್ಲ. "ನೀನೇನ್ ಮಾಡ್ತೀಯ, ಕೇಳ್ದೆ, ಅವ್ರು ಹೇಳಿದ್ರು. ಒಳಗೆ ಅಡುಗೆ ಮಾಡೋರು ಯಾರು? ಕರಿ ಅವ್ರನ್ನ," ಅಂದರು. ಮಾವನಿಗೆ ಎದ್ದು ಹೋಗಿಬಿಡುವ ಆತುರ, ಕೋಪವೂ ಬಂದಿತ್ತು. ಅತ್ತೆ ಕೂರಿಸಿದರು. "ಹೊಟ್ಟೆ ಹಸಿದಿದೆ. ಏನು ತಿನ್ನಬಹುದು ಅಂತ ಸರಿಯಾಗಿ ಕೇಳಿ ತಿನ್ನೋಣ."

ಎದ್ದು ಹೋಗಿದ್ದರೆ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ.

ಅಡುಗೆಯವರ ಲೆಕ್ಕ

ಒಳಗಿಂದ ಬಂದವರು ವೇಟರಿನ ತಾಯಿ, ಹೋಟೆಲಿನ ಅಡುಗೆ ಅವರದೇ. ಅತ್ತೆಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಏಪ್ರನ್ನಿಗೆ ಕೈ ಒರೆಸಿಕೊಂಡು ಮೇಜಿನ ತುದಿಯಲ್ಲಿ ನಿಂತರು. ಹುಡುಗ ನಡುವೆ. ಅತ್ತೆ ಒಂದೊಂದೇ ಪದಾರ್ಥ ತೋರಿಸಿ ಕೇಳಿದರು, ಆಕೆ ಒಂದೊಂದಕ್ಕೂ ಪಾಕ ಹೇಳಿದರು. ಟೆಕ್ಸಸ್ ಕಡೆಯ ಹೆಚ್ಚಿನ ಬಡಾವಣೆ ಹೋಟೆಲುಗಳಿಗೆ ಈ ಲೆಕ್ಕ ಸುಮಾರಾಗಿ ಸರಿಹೋಗುವುದರಿಂದ ವಿವರವಾಗಿಯೇ ಹೇಳುತ್ತೇನೆ.

ಬೀನ್ಸ್ ಎರಡು ಹಂತದಲ್ಲಿ ಆಗುತ್ತದೆ. ಪಿಂಟೋ ಬೀನ್ಸ್, ನಮ್ಮ ರಾಜ್ಮಾ ಜಾತಿಯ ಕಾಳೇ, ಮೊದಲು ನೀರು, ಈರುಳ್ಳಿ, ಉಪ್ಪು ಹಾಕಿ ದೊಡ್ಡ ಪಾತ್ರೆಯಲ್ಲಿ ಬೇಯುತ್ತದೆ. ಹಂದಿಕೊಬ್ಬು ಬರುವುದು ಎರಡನೇ ಹಂತದಲ್ಲಿ, ಬೆಂದದ್ದನ್ನು ಬಾಣಲೆಗೆ ಹಾಕಿ ಮಸೆದು ಹುರಿಯುವಾಗ. ಹಾಗಾದರೆ ಪಾತ್ರೆಯಲ್ಲಿರುವ ಕಾಳನ್ನೇ ಕೊಡಬಹುದಲ್ಲ? ಕೊಡಬಹುದು, ಫ್ರಿಹೋಲೆಸ್ ದೆ ಲಾ ಓಯಾ ಅಂತ ಅದಕ್ಕೆ ಹೆಸರೇ ಇದೆ, ಮನೆಯಲ್ಲಿ ನಾವು ಅದನ್ನೇ ತಿನ್ನೋದು, ಮೆನುವಿನಲ್ಲಿ ಹಾಕಿಲ್ಲ ಅಷ್ಟೇ ಅಂದರು. ಒಂದು ಎಚ್ಚರಿಕೆಯನ್ನೂ ಕೊಟ್ಟರು: ಶನಿವಾರ ಭಾನುವಾರ ಅದೇ ಪಾತ್ರೆಗೆ ಬೇಕನ್ (ಉಪ್ಪು ಹಾಕಿದ ಹಂದಿಮಾಂಸ) ಬೀಳುತ್ತದೆ, ಚಾರ್ರೋ ಬೀನ್ಸ್ ಮಾಡುವುದಕ್ಕೆ. ಶುಕ್ರವಾರದ ವ್ರತ ಇಲ್ಲಿ ನಿಜವಾಗಿಯೂ ಸಹಾಯಕ್ಕೆ ಬಂತು.

ಚರಿತ್ರೆ ನೋಡಿದರೂ ಪಾತ್ರೆಯ ಕಾಳೇ ಹಳೆಯದು. 1519ರಲ್ಲಿ ಸ್ಪೇನಿನ ದಂಡನಾಯಕ ಕೋರ್ಟೆಸ್ ಮೆಕ್ಸಿಕೋ ತೀರದಲ್ಲಿ ಇಳಿಯುವವರೆಗೆ ಆ ನೆಲದಲ್ಲಿ ಸಾಕುಹಂದಿಯೇ ಇರಲಿಲ್ಲ. ದನ, ಕುರಿ, ಗೋಧಿ, ಅಕ್ಕಿ, ಬೆಳ್ಳುಳ್ಳಿ, ಕೊತ್ತಂಬರಿ, ಜೀರಿಗೆ, ಕಬ್ಬು, ಚೀಸು ಎಲ್ಲ ಸ್ಪೇನಿನವರ ಹಡಗಿನಲ್ಲಿ ಬಂದದ್ದು. ಅದಕ್ಕೂ ಮುಂಚಿನ ಮೆಕ್ಸಿಕೋದ ಅಡುಗೆಯಲ್ಲಿ ಬೇಯಿಸುವುದು, ಸುಡುವುದು ಇತ್ತು. ಕೊಬ್ಬಿನಲ್ಲಿ ಕರಿಯುವುದು, ಹುರಿಯುವುದು ಇರಲಿಲ್ಲ ಅನ್ನಬಹುದು. ಹಿಂತಿರುಗಿ ಹೋದ ಹಡಗುಗಳಲ್ಲಿ ಮೆಣಸಿನಕಾಯಿ ಇತ್ತು, ಅದು ಪೋರ್ಚುಗೀಸರ ಕೈಯಿಂದ ನಮ್ಮ ಕರಾವಳಿಗೆ ಬಂತು. ಬ್ಯಾಡಗಿಯ ಮೂಲಪುರುಷ ಮೆಕ್ಸಿಕೋದವನೇ.

ರೈಸು ನೋಡಲು ಥೇಟ್ ಟೊಮೆಟೊ ಬಾತು. ಅತ್ತೆ ಅದನ್ನು ಅನುಮಾನಿಸಿಯೇ ಇರಲಿಲ್ಲ, ಸೊಸೆಯೂ ಇಲ್ಲ. ಆಕೆ ತಲೆ ಅಲ್ಲಾಡಿಸಿದರು: ಕೋಳಿ ಸಾರಿನ ಪುಡಿ ಹಾಕಿ ಬೇಯಿಸಿದ್ದು. ಬೆಳಗ್ಗೆ ಒಂದೇ ಸಲ ದೊಡ್ಡ ಪಾತ್ರೆಯಲ್ಲಿ ಮಾಡಿಡುತ್ತೇವೆ, ಬೇರೆ ಮಾಡಿಕೊಡಲು ಆಗುವುದಿಲ್ಲ. ನನಗೆ ಕೇಳಿದರೆ ಬೀನ್ಸಿಗಿಂತ ದೊಡ್ಡ ಗುಂಡಿ ಇದೇ. ಬೀನ್ಸಿನ ಕೊಬ್ಬಿನ ಸುದ್ದಿ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಅಷ್ಟಿಷ್ಟು ಓಡಾಡುತ್ತದೆ. ರೈಸಿನ ಬಗ್ಗೆ ಯಾರೂ ಕೇಳುವುದೇ ಇಲ್ಲ, ಅನ್ನ ತಾನೇ ಎಂದು.

ರೊಟ್ಟಿ ಎರಡು ಬಗೆ. ಗೋಧಿಯದು ಉತ್ತರ ಮೆಕ್ಸಿಕೋ ಮತ್ತು ಟೆಕ್ಸಸ್ ಕಡೆಯ ರೂಢಿ, ಮೆತ್ತಗಾಗಲಿ ಎಂದು ಹಿಟ್ಟಿಗೇ ಕೊಬ್ಬು ಸೇರಿಸಿ ನಾದುತ್ತಾರೆ, ಇವರಲ್ಲೂ ಹಾಗೆಯೇ. ಮುಸುಕಿನ ಜೋಳದ್ದರಲ್ಲಿ ಹಿಟ್ಟು ಮತ್ತು ನೀರು, ಬೇರೇನೂ ಇಲ್ಲ. ಕಾವಲಿಯ ಮೇಲೆ ಬರಿದೇ ಬೇಯಿಸುತ್ತಾರೆ. ಅತ್ತೆಗೆ ಅದರ ವಾಸನೆಯ ಮೇಲೆ ಕುತೂಹಲ ಹುಟ್ಟಿತು, "ಜೋಳ ಅಂತೀರ, ಜೋಳದ ವಾಸ್ನೆ ಅಲ್ಲ ಇದು." ಅಡುಗೆಯಾಕೆ ಒಳಗೆ ಹೋಗಿ ಒಂದು ಚಿಕ್ಕ ಪೊಟ್ಟಣ ತಂದು ತೋರಿಸಿದರು. ಸುಣ್ಣ. ಎಲೆಗೆ ಹಚ್ಚುತ್ತೇವಲ್ಲ, ಅದೇ ಸುಣ್ಣ. ಮುಸುಕಿನ ಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಯಲು ಬಿಟ್ಟು, ಸಿಪ್ಪೆ ತೊಳೆದು ರುಬ್ಬುವುದು ಸಾವಿರಾರು ವರ್ಷಗಳ ಪದ್ಧತಿ. ನಿತ್ಯಕ್ಕೆ ಈಗ ಹಾಗೆ ಸಂಸ್ಕರಿಸಿದ ಸಿದ್ಧ ಹಿಟ್ಟೇ ಬರುತ್ತದೆ, ಇವರು ಹಬ್ಬದ ದಿನಗಳಿಗೆ ಮಾತ್ರ ಕೈಯಲ್ಲಿ ಮಾಡುತ್ತಾರಂತೆ. ಸುಣ್ಣದಿಂದ ಹಿಟ್ಟಿಗೆ ಅಂಟು ಬರುತ್ತದೆ, ರೊಟ್ಟಿ ಮಡಚಿದರೆ ಒಡೆಯುವುದಿಲ್ಲ. ಕಾಳಿನಲ್ಲಿ ಬಂಧಿಯಾಗಿರುವ ನಯಾಸಿನ್ ಎಂಬ ಜೀವಸತ್ವವೂ ಮೈಗೆ ಹತ್ತುವಂತಾಗುತ್ತದೆ. ಯುರೋಪಿನವರು ಮುಸುಕಿನ ಜೋಳವನ್ನು ಒಯ್ದರು, ಸುಣ್ಣವನ್ನು ಅಲ್ಲೇ ಬಿಟ್ಟರು. ಜೋಳವನ್ನೇ ನಂಬಿದ ಇಟಲಿಯ ಬಡವರಿಗೂ, ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳವರಿಗೂ ನಯಾಸಿನ್ ಕೊರತೆಯ ಪೆಲಾಗ್ರಾ ರೋಗ ಬಂತು.

ಇಬ್ಬರು ಹೆಂಗಸರೂ ಸುಣ್ಣದ ಪ್ರಮಾಣದ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಹುಡುಗನಿಗೆ ಎರಡೂ ಕಡೆಯ ಅಳತೆ ತಿಳಿಯದೆ ಸಾಕುಬೇಕಾಯಿತು. ಬಾಗಿಲಲ್ಲಿ ಕಾಯುತ್ತಿದ್ದ ಜನ ಕಾಯುತ್ತಲೇ ಇದ್ದರು.

ಮಿಕ್ಕದ್ದು ಬೇಗ ಮುಗಿಯಿತು. ಸಾಲ್ಸಾ, ಗ್ವಾಕಮೋಲೆ (ಬೆಣ್ಣೆಹಣ್ಣಿನ ಗೊಜ್ಜು): ಏನೂ ತೊಂದರೆ ಇಲ್ಲ. ಎಂಚಿಲಾದಾ ಮೇಲಿನ ಕೆಂಪು ಗ್ರೇವಿ: ಕೋಳಿ ಸಾರು. ಚಿಲೆ ರೆಯೆನೋ: ದೊಡ್ಡ ಪೊಬ್ಲಾನೋ ಮೆಣಸಿನಕಾಯಿಗೆ ಚೀಸ್ ತುಂಬಿ, ಮೊಟ್ಟೆಯ ನೊರೆಯಲ್ಲಿ ಅದ್ದಿ ಕರಿದದ್ದು, ಅತ್ತೆಗೆ ಆಗದು. ಮೋಲೆ ಎಂಬ ಮೆಣಸಿನಕಾಯಿಯ ಗಟ್ಟಿ ಗ್ರೇವಿ: ಕೋಳಿ ಸಾರು. ತಮಾಲೆ ಎಂಬ ಮುಸುಕಿನ ಜೋಳದ ಕಡುಬು: ಹಿಟ್ಟಿಗೇ ಹಂದಿಕೊಬ್ಬು ಹಾಕಿ ನೊರೆ ಬರುವಂತೆ ನಾದುತ್ತಾರೆ, ಒಳಗೆ ಬರೀ ಚೀಸ್ ಇದ್ದರೂ ಅಷ್ಟೇ. ಚಿಪ್ಸ್ ಕರಿಯುವ ಎಣ್ಣೆ ಸಸ್ಯದ್ದೇ, ಆದರೆ ಅದೇ ಎಣ್ಣೆಯಲ್ಲಿ ಕೋಳಿ ತುಂಬಿದ ಫ್ಲೌತಾ ಎಂಬ ರೊಟ್ಟಿ ಸುರುಳಿ ಕೂಡ ಕರಿಯುತ್ತಾರೆ. ಅಲ್ಲಿಯವರೆಗೆ ಬುಟ್ಟಿಗಟ್ಟಲೆ ಚಿಪ್ಸ್ ತಿಂದಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನೋಪಾಲೆಸ್ ಅಂದರೆ ಪಾಪಾಸುಕಳ್ಳಿಯ ಎಲೆಯಂಥ ಚಪ್ಪಟೆ ಕಾಂಡ. ಮುಳ್ಳು ಹೆರೆದು, ಸಣ್ಣಗೆ ಹೆಚ್ಚಿ, ಬೇಯಿಸಿ, ಟೊಮೆಟೊ ಈರುಳ್ಳಿ ಕೊತ್ತಂಬರಿ ಸೇರಿಸಿದ ಪಲ್ಯ. ಬಟ್ಟಲಿನಲ್ಲಿ ತಂದು ತೋರಿಸಿದರು. ಅರಸೀಕೆರೆ ಸೀಮೆಯಲ್ಲಿ ಬೇಲಿಗೆ ಬೆಳೆದದ್ದನ್ನು ನೋಡಿ ಬೆಳೆದವರು ಅತ್ತೆ. "ಬೇಲಿ ಕಳ್ಳಿನಾ? ದನಾನೂ ಮುಟ್ಟಲ್ವಲ್ಲೇ ಅದನ್ನ!" ಈ ಕಳ್ಳಿಯೂ ಅಮೆರಿಕದ ಮೂಲದ್ದೇ. ಬಟ್ಟೆಗೆ ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳು ಸಾಕಲು ಈಸ್ಟ್ ಇಂಡಿಯಾ ಕಂಪನಿಯವರು 18ನೇ ಶತಮಾನದ ಕೊನೆಗೆ ಮದರಾಸಿನಲ್ಲಿ ಕಳ್ಳಿತೋಟ ಮಾಡಿದ್ದರು. ಬಣ್ಣದ ಉದ್ಯಮ ಕೈಗೂಡಲಿಲ್ಲ, ಕಳ್ಳಿ ನಮ್ಮ ಬೇಲಿಗಳಲ್ಲಿ ಉಳಿಯಿತು. ಮೆಕ್ಸಿಕೋದವರಂತೆ ಅದನ್ನು ತಿನ್ನುವ ರೂಢಿ ಮಾತ್ರ ನಮಗೆ ತಲುಪಲೇ ಇಲ್ಲ. ಸ್ವಲ್ಪ ಲೋಳೆ, ಸ್ವಲ್ಪ ಹುಳಿ. ಅತ್ತೆ ಎರಡು ಸಲ ಹಾಕಿಸಿಕೊಂಡರು.

ಕೊನೆಗೆ ಅವರ ಮುಂದೆ ಕೂತದ್ದು: ಮುಸುಕಿನ ಜೋಳದ ರೊಟ್ಟಿ ನಾಲ್ಕು, ಪಾತ್ರೆಯ ಕಾಳು ಒಂದು ಬಟ್ಟಲು, ಕಳ್ಳಿ ಪಲ್ಯ, ಗ್ವಾಕಮೋಲೆ, ಹಸಿಮೆಣಸಿನಕಾಯಿ, ನಿಂಬೆಹೋಳು. ಮೆನುವಿನ ಯಾವ ನಂಬರಿಗೂ ಸೇರದ ಊಟ. ಕಾಪಿರೊತಾದಾ ಕೇಳಿದಾಗ ಆಕೆ ತಾವಾಗಿಯೇ ವಿವರ ಕೊಟ್ಟರು: ಬ್ರೆಡ್ಡು, ಬೆಲ್ಲದ ಪಾಕ, ಚಕ್ಕೆ, ಲವಂಗ, ದ್ರಾಕ್ಷಿ, ಚೀಸು, ಮೊಟ್ಟೆ ಇಲ್ಲ. ಒಂದು ಗಂಟೆಯಲ್ಲಿ ಆಕೆಗೆ ಏನನ್ನು ಹೇಳಬೇಕೆಂಬುದು ಗೊತ್ತಾಗಿಹೋಗಿತ್ತು.

ಬಿಲ್ಲು

ಆರು ಜನ ಮತ್ತು ಅದಕ್ಕಿಂತ ಹೆಚ್ಚಿನವರಿಗೆ ಶೇ. 18 ಟಿಪ್ಸ್ ತಾನಾಗಿಯೇ ಸೇರುತ್ತದೆ ಎಂದು ಮೆನುವಿನ ತಳದಲ್ಲಿ ಬರೆದಿತ್ತು. ಮಾವ ಸಿಡುಕಿದರು. ಭಾರತದಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಸರ್ವಿಸ್ ಚಾರ್ಜ್ ಬಲವಂತವಾಗಿ ಹಾಕಬಾರದೆಂದು ಹೇಳಿದೆ, ಇಲ್ಲಿ ತಿನ್ನಬಾರದ್ದನ್ನು ತಿನ್ನಿಸಿ ಮೇಲೆ ಇದೂ ಕೊಡಬೇಕಾ ಅಂದರು. ಅವರ ಮಾತಿನಲ್ಲಿ ನ್ಯಾಯ ಇಲ್ಲವೆಂದಲ್ಲ. ಆದರೆ ಗಂಟೆಗೆ 2.13ರ ಲೆಕ್ಕ ಮಗ ವಿವರಿಸಿದ ಮೇಲೆ ಸುಮ್ಮನಾದರು. ಎಂಚಿಲಾದಾ ಮುಟ್ಟದೆ ಬಿಟ್ಟ ಆ ಪ್ಲೇಟನ್ನು ಹೋಟೆಲಿನವರೇ ಬಿಲ್ಲಿನಿಂದ ತೆಗೆದಿದ್ದರು. ಪಾತ್ರೆಯ ಕಾಳಿಗೆ ಏನೂ ಹಾಕಿರಲಿಲ್ಲ, ಬೆಲೆ ಕಟ್ಟಿದ ನಂಬರೇ ಇಲ್ಲವಲ್ಲ.

ಆಮೇಲೆ

ಮನೆಗೆ ಬಂದು ಅತ್ತೆ ತಲೆಗೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿ ಪೂಜೆಗೆ ಕೂತರು. ಮರುದಿನ ಒಪ್ಪತ್ತು ಮಾಡಿದರು. ಅದರ ಬಗ್ಗೆ ಬೇರೆ ಮಾತು ಬರಲಿಲ್ಲ. ಸೊಸೆ ಮಾತ್ರ ವಾರಗಟ್ಟಲೆ ಹೊರಗಿನ ಊಟ ಅಂದರೆ ಹಿಂಜರಿಯುತ್ತಿದ್ದಳು.

ಹೋಟೆಲಿಗೆ ಮತ್ತೆ ಹೋಗೋಣ ಅಂದದ್ದು ಅತ್ತೆಯೇ, ಶುಕ್ರವಾರವೇ ಆಗಬೇಕು ಎಂಬ ಷರತ್ತಿನೊಂದಿಗೆ. ಈಗ ಆ ಮನೆಯವರು ಎಲ್ಲಿ ಹೋದರೂ ‘ವೆಜಿಟೇರಿಯನ್ನಾ’ ಎಂದು ಕೇಳುವುದನ್ನು ಬಿಟ್ಟಿದ್ದಾರೆ. ಮೂರು ಪ್ರಶ್ನೆ ಕೇಳುತ್ತಾರೆ: ಬೀನ್ಸ್ ಯಾವುದರಲ್ಲಿ ಹುರಿದದ್ದು, ಅಕ್ಕಿ ಯಾವ ನೀರಿನಲ್ಲಿ ಬೆಂದದ್ದು, ಕರಿದ ಎಣ್ಣೆಯಲ್ಲಿ ಬೇರೆ ಏನು ಬೀಳುತ್ತದೆ. ಮೂರಕ್ಕೂ ಹೌದು ಅಥವಾ ಇಲ್ಲ ಎಂದು ಉತ್ತರ ಕೊಡಲಾಗದು, ಒಳಗೆ ಹೋಗಿ ಕೇಳಿಯೇ ಬರಬೇಕು. ನನಗೆ ಈ ಪ್ರಶ್ನೆಗಳು ಮೆಕ್ಸಿಕನ್ ಹೋಟೆಲಿಗೆ ಮಾತ್ರ ಅಲ್ಲ, ಥಾಯ್ ಹೋಟೆಲಿನ ಮೀನಿನ ಸಾಸಿಗೂ ಇಟಾಲಿಯನ್ ಹೋಟೆಲಿನ ಸೂಪಿಗೂ ಆಗಿಬಂದಿವೆ.

ಬಗೆಹರಿಯದೆ ಉಳಿದದ್ದು ಚೀಸು. ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಕಿಣ್ವ ಬಳಸುವುದು ಹಳೆಯ ಪದ್ಧತಿ. ಸೂಕ್ಷ್ಮಜೀವಿಗಳಿಂದ ಅದೇ ಕಿಣ್ವವನ್ನು ತಯಾರಿಸಲು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1990ರಲ್ಲಿ ಒಪ್ಪಿಗೆ ಕೊಟ್ಟಿತು, ಈಗ ಅಲ್ಲಿನ ಬಹುಪಾಲು ಚೀಸ್ ಹಾಗೆಯೇ ಆಗುತ್ತದೆ. ಆದರೆ ಹೋಟೆಲಿನ ಡಬ್ಬಿಯ ಮೇಲೆ ‘ಕಿಣ್ವಗಳು’ ಎಂದಷ್ಟೇ ಬರೆದಿತ್ತು. ಅಡುಗೆಯಾಕೆ ಡಬ್ಬಿಯನ್ನೇ ತಂದು ಕೈಗೆ ಕೊಟ್ಟು, ಇದಕ್ಕಿಂತ ಹೆಚ್ಚು ನನಗೆ ತಿಳಿಯದು ಅಂದರು. ಅತ್ತೆ ಚೀಸ್ ಬಿಟ್ಟರು, ಕಾಪಿರೊತಾದಾ ಕೂಡ. ಮಾವ ಬಿಡಲಿಲ್ಲ. "ಬೆಂಗಳೂರಲ್ಲಿ ಪಿಜ್ಜಾ ತಿನ್ನುವಾಗ ಯಾರು ಕೇಳಿದ್ದರು?" ಅಂತ ಅವರ ವಾದ. ಆ ವಿಷಯದಲ್ಲಿ ಗಂಡಹೆಂಡಿರ ನಡುವೆ ಇನ್ನೂ ಒಪ್ಪಂದ ಆಗಿಲ್ಲ.